ಅಪ್ಪನ ಚಾಕುವಿನ ಸದ್ದು

ನಮ್ಮ ಮನೆಯಲ್ಲಿ ಊಟ ಮುಗಿಯುವುದು ಹೊಟ್ಟೆ ತುಂಬಿದಾಗ ಅಲ್ಲ, ಅಪ್ಪ ಚಾಕು ಮಡಚಿದಾಗ.

ಟಕ್ ಅಂತ ಒಂದು ಸದ್ದು, ಅಷ್ಟೇ. ಆಮೇಲೆ ಯಾರ ತಟ್ಟೆಯಲ್ಲಿ ಏನು ಉಳಿದಿದ್ದರೂ ಬೆಂಚು ಹಿಂದೆ ಸರಿಯುತ್ತದೆ, ಎಲ್ಲರೂ ಏಳುತ್ತಾರೆ. ಆಳು ಫಿರ್ಮಿನ್ ಬಾಯಲ್ಲಿದ್ದ ಸಾಸೇಜನ್ನು ಕೆನ್ನೆಗೆ ಒತ್ತಿಕೊಂಡೇ ಕೊಟ್ಟಿಗೆಗೆ ನಡೆದುಬಿಡುತ್ತಾನೆ. ಅಪ್ಪನ ಅಪ್ಪನ ಕಾಲದಲ್ಲೂ ಹೀಗೇ ಇತ್ತಂತೆ. ನಾವಿರುವ ಈ ಓಬ್ರಾಕ್ ಗುಡ್ಡದ ಮೇಲಿನ ಮನೆಗಳಲ್ಲೆಲ್ಲ ಹೀಗೇ ಇತ್ತಂತೆ. ಬೇರೆಯವರು ಯಾವಾಗಲೋ ಬಿಟ್ಟರು. ನಮ್ಮ ಮನೆಗೆ ಟ್ರ್ಯಾಕ್ಟರ್ ಬಂತು, ಹಾಲು ಕರೆಯುವ ಯಂತ್ರ ಬಂತು, ಟೀವಿಯೂ ಬಂತು. ಈ ಸದ್ದು ಮಾತ್ರ ಹೋಗಲಿಲ್ಲ.

ಮೊದಲು ಅಪ್ಪ ಚಾಕು ತೆಗೆಯಬೇಕು. ರೊಟ್ಟಿಯ ಬೆನ್ನಿಗೆ ಅಲಗಿನ ತುದಿಯಿಂದ ಶಿಲುಬೆ ಗೀರಿ ಕೊಯ್ಯಬೇಕು. ಆಮೇಲೆ ಅಣ್ಣ ಉರ್ಬೆನ್ ತನ್ನದನ್ನು ಬಿಚ್ಚುತ್ತಾನೆ, ಆಮೇಲೆ ಫಿರ್ಮಿನ್. ಗಂಡಸರ ಜೇಬಿನಲ್ಲಿ ಚಾಕು, ಹೆಂಗಸರ ಕೈಯಲ್ಲಿ ಸೌಟು. ಅಮ್ಮ ಮೂವರಿಗೂ ಬಡಿಸಿ, ಬೆಂಕಿ ನೋಡಿ, ನಾಯಿಯನ್ನು ಹೊರಗಟ್ಟಿ, ಕೊನೆಗೆ ಮೇಜಿನ ತುದಿಯಲ್ಲಿ ಕೂರುವ ಹೊತ್ತಿಗೆ ಅವರ ಊಟ ಅರ್ಧ ಆಗಿರುತ್ತದೆ. ನಾಲ್ಕು ಚಮಚ ಸೂಪು ಒಳಗೆ ಹೋಗುವಷ್ಟರಲ್ಲಿ ಟಕ್.

ಹೋದ ಚಳಿಗಾಲದವರೆಗೆ ಅವಳು ಆ ನಾಲ್ಕು ಚಮಚವನ್ನು ಗುಟುಕರಿಸಿ, ರೊಟ್ಟಿಯನ್ನು ನುಂಗಿ ಹೇಗೋ ಬದುಕಿದ್ದಳು. ಚಳಿಗಾಲದಲ್ಲಿ ರೊದೇಸಿನ ಆಸ್ಪತ್ರೆಯಲ್ಲಿ ಅವಳ ಜಠರವನ್ನು ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ತೆಗೆದರು. ಡಾಕ್ಟರು ಅಪ್ಪನನ್ನೂ ನನ್ನನ್ನೂ ಎದುರು ನಿಲ್ಲಿಸಿಕೊಂಡು ಹೇಳಿದರು: "ಸ್ವಲ್ಪ ಸ್ವಲ್ಪ ತಿನ್ನಬೇಕು. ಚೆನ್ನಾಗಿ ಅಗಿಯಬೇಕು. ಆತುರಪಟ್ಟರೆ ವಾಂತಿ. ತಿನ್ನದೆ ಹೋದರೆ ಮುಂದಿನ ಚಳಿಗಾಲ ನೋಡೋದಿಲ್ಲ." ಅಪ್ಪ ಟೋಪಿಯನ್ನು ಎದೆಗೆ ಒತ್ತಿಕೊಂಡು ಪಾದ್ರಿಯ ಮುಂದೆ ನಿಂತವನಂತೆ ತಲೆಯಾಡಿಸಿದ. ಮನೆಗೆ ಬಂದ. ಮರುದಿನ ಮಧ್ಯಾಹ್ನ ತನ್ನ ಸೂಪು ಮುಗಿಸಿ, ಇಲ್ಲಿನ ರೂಢಿಯಂತೆ ತಟ್ಟೆಗೆ ವೈನ್ ಸುರಿದು ತೊಳೆದು ಕುಡಿದು, ಟಕ್ ಅನ್ನಿಸಿದ.

ಅಮ್ಮ ಚಮಚ ಕೆಳಗಿಟ್ಟಳು.

"ಅಪ್ಪ, ಅಮ್ಮ ಈಗ ತಾನೇ ಕೂತಿದ್ದಾಳೆ," ಅಂದೆ.

"ನಾನೇನು ಅವಳ ಕೈ ಹಿಡ್ಕೊಂಡಿದ್ದೀನಾ? ತಿನ್ನಲಿ."

"ನೀನು ಚಾಕು ಮುಚ್ಚಿದ ಮೇಲೆ ಅವಳು ಹೇಗೆ ತಿಂತಾಳೆ?"

"ಬಾಯಿಂದ," ಅಂದ ಅಪ್ಪ. ಉರ್ಬೆನ್ ನಕ್ಕ. ನನ್ನ ಅಣ್ಣನಿಗೆ ಮೂವತ್ತೈದು ದಾಟಿದೆ. ಮದುವೆಯಿಲ್ಲ. ಈ ಹಿಮದ ಗುಡ್ಡಕ್ಕೆ ಯಾವ ಹೆಣ್ಣೂ ಬರುವುದಿಲ್ಲ ಅನ್ನುತ್ತಾನೆ. ಹಿಮ ಪಾಪ, ಏನೂ ಮಾಡಿಲ್ಲ.

ಅವರು ಹೊರಗೆ ಹೋದ ಮೇಲೆ ನಾನು ಸೂಪನ್ನು ಮತ್ತೆ ಅಮ್ಮನ ಮುಂದಿಟ್ಟೆ. ಅವಳು ತಟ್ಟೆಯನ್ನು ಎತ್ತಿ ಪಾತ್ರೆಗೆ ವಾಪಸು ಸುರಿದಳು.

"ಚಾಕು ಮುಚ್ಚಿದ ಮೇಲೆ ತಿನ್ನೋದು ನಾಯಿ. ನಿಮ್ಮಜ್ಜಿ ಹೇಳ್ತಿದ್ರು."

"ಅಜ್ಜಿ ಸತ್ತು ಹತ್ತು ವರ್ಷ ಆಯ್ತು ಅಮ್ಮ."

"ಸತ್ರೆ ಸುಳ್ಳಾಗುತ್ತಾ?"

ಇದು ನನ್ನ ಅಮ್ಮ, ಯುಜೆನಿ. ಸ್ಕರ್ಟು ಜಾರದಂತೆ ಸೊಂಟದಲ್ಲಿ ದೊಡ್ಡ ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದಳು. ಪ್ರತಿ ತಿಂಗಳೂ ಪಿನ್ನು ಒಂದಿಷ್ಟು ಒಳಕ್ಕೆ ಸರಿಯುತ್ತಿತ್ತು. ಎಲ್ಲರ ಕಣ್ಣಿಗೂ ಅದು ಕಾಣುತ್ತಿತ್ತು. ಹಸು ಸೊರಗಿದ್ದರೆ ಪಶುವೈದ್ಯನಿಗೆ ಫೋನು ಹೋಗುತ್ತಿತ್ತು.

ನಾನು ಪಕ್ಕದ ಲಯೋಲ್ ಪೇಟೆಯ ಒಂದು ಕಾರ್ಖಾನೆಯಲ್ಲಿ ಮಡಚುವ ಚಾಕು ಮಾಡುತ್ತೇನೆ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇನೆ. ಕಾರ್ಖಾನೆ ಅಂದರೆ ಒಂದು ಉದ್ದನೆ ಕೋಣೆ, ಏಳೆಂಟು ಬೆಂಚು, ಕೊಂಬು ಸುಟ್ಟ ವಾಸನೆ. ನಮ್ಮಲ್ಲಿ ಒಂದು ಚಾಕುವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಮಾಡಬೇಕು. ಅಲಗು ಕೂರಿಸುವುದು, ಸ್ಪ್ರಿಂಗ್ ಬಗ್ಗಿಸುವುದು, ಕೊಂಬಿನ ಹಿಡಿಯನ್ನು ಅರದಿಂದ ಅರೆಯುವುದು, ಎಲ್ಲ. ಮೇಸ್ತ್ರಿ ರೂಕೆತ್ ಮುದುಕ ನನ್ನನ್ನು ಸೇರಿಸಿಕೊಂಡಾಗ, "ಹೆಣ್ಣುಮಗಳು ಮಾಡಿದ ಚಾಕು ಯಾರು ಕೊಳ್ತಾರೆ ನೋಡೋಣ," ಅಂದಿದ್ದ. ಕೊಳ್ಳುತ್ತಾರೆ. ಹಿಡಿಯ ಮೇಲೆ ಹೆಣ್ಣು ಗಂಡು ಅಂತ ಬರೆದಿರುವುದಿಲ್ಲ.

ಅಪ್ಪ ಒಂದು ದಿನವೂ ಅಲ್ಲಿಗೆ ಬಂದವನಲ್ಲ. ಏಪ್ರಿಲಿನಲ್ಲಿ, ಜಾನುವಾರು ಸಂತೆಯ ದಿನ, ಬೆಂಚಿನ ಮುಂದೆ ಬಂದು ನಿಂತ. ನಾನು ತಲೆ ಎತ್ತಿದಾಗ ಬಾಗಿಲ ಕಡೆ ನೋಡುತ್ತಿದ್ದ.

"ಉರ್ಬೆನ್ ಕರುಗಳ ಹತ್ರ ಇದ್ದಾನೆ. ಬೇಗ ನೋಡು ಇದನ್ನ."

ತನ್ನ ಚಾಕುವನ್ನು ಬೆಂಚಿನ ಮೇಲಿಟ್ಟ. ಅಜ್ಜನ ಚಾಕು ಅದು. ಹಿಡಿ ಸವೆದು ನಡುವೆ ತೆಳ್ಳಗಾಗಿದೆ.

"ಏನಾಗಿದೆ?"

"ಗಟ್ಟಿಯಾಗಿದೆ."

ತೆರೆದು ನೋಡಿದೆ. ಮುಚ್ಚಿದೆ. ಸ್ಪ್ರಿಂಗ್ ಹೇಗಿರಬೇಕೋ ಹಾಗೇ ಇತ್ತು. "ಚಾಕು ಸರಿ ಇದೆ ಅಪ್ಪ. ಕೈ ತೋರಿಸು."

ಕೈಯನ್ನು ಜೇಬಿಗೆ ಹಾಕಿಕೊಂಡ. ನಾನು ಅಂಗೈ ಚಾಚಿದೆ. ಕೊನೆಗೆ ಹೊರತೆಗೆದ. ಹೆಬ್ಬೆರಳ ಗೆಣ್ಣು ಆಲೂಗಡ್ಡೆಯ ಹಾಗೆ ಊದಿತ್ತು, ಉಗುರು ಪಕ್ಕಕ್ಕೆ ತಿರುಗಿತ್ತು. ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತದೆ. ಆ ಬೆರಳು ಆ ಗೀರಿಗೆ ಸಿಗುವಂತೆಯೇ ಇರಲಿಲ್ಲ. ಉಳಿದ ಬೆರಳುಗಳು ಹಿಡಿಯ ಸುತ್ತ ಮುಚ್ಚುತ್ತಿರಲಿಲ್ಲ.

"ಮತ್ತೆ ದಿನಾ ಊಟಕ್ಕೆ ಹೇಗೆ ತೆಗೀತಿದ್ದೀಯ?"

"ಕೊಟ್ಟಿಗೇಲಿ ಇಕ್ಕಳದಿಂದ ತೆಗೆದು, ತೆರೆದೇ ಜೇಬಲ್ಲಿಟ್ಕೊಂಡು ಬರ್ತೀನಿ."

ಆಗ ಅರ್ಥವಾಯಿತು, ಅಮ್ಮ ಯಾಕೆ ವಾರವಾರವೂ ಅವನ ಪ್ಯಾಂಟಿನ ಜೇಬು ಹೊಲಿಯುತ್ತಾಳೆ ಅಂತ. ಹೊಲಿಯುವವಳಿಗೆ ಗೊತ್ತಿರದೇ ಇರುತ್ತದೆಯೇ? ಅವಳೂ ಬಾಯಿ ಬಿಟ್ಟಿರಲಿಲ್ಲ.

ಅಪ್ಪನ ಭಯ ನನಗೆ ಗೊತ್ತಿತ್ತು. ಅಜ್ಜನಿಗೂ ಕೊನೆಗೆ ಹೀಗೇ ಆಗಿತ್ತು. ಒಂದು ಮಧ್ಯಾಹ್ನ ಅಜ್ಜ ಚಾಕು ತೆರೆಯಲಾರದೆ ತಡಕಾಡಿದಾಗ ಅಪ್ಪ ಅದನ್ನು ಕೈಯಿಂದ ತೆಗೆದುಕೊಂಡು ತೆರೆದುಕೊಟ್ಟ. ಮಾರನೆಯ ದಿನ ಮೇಜಿನ ತಲೆಯಲ್ಲಿ ಅಪ್ಪ ಕೂತಿದ್ದ, ಅಜ್ಜ ಒಲೆಯ ಪಕ್ಕದ ಉಪ್ಪಿನ ಪೆಟ್ಟಿಗೆಯ ಮೇಲೆ. ಆಮೇಲೆ ಬದುಕಿದ್ದಷ್ಟು ವರ್ಷ ಅಜ್ಜ ಆ ಪೆಟ್ಟಿಗೆಯ ಮೇಲೇ ಕೂತು ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು ಉಂಡ. ಈಗ ಉರ್ಬೆನ್ ದಿನಾ ಅಪ್ಪನ ಕೈ ನೋಡುತ್ತಿದ್ದ.

"ಯಾರಿಗೂ ಹೇಳ್ಬೇಡ," ಅಂದ ಅಪ್ಪ. "ಸಲೀಸಾಗಿ ತೆರೆಯೋ ಹಾಗೆ ಮಾಡು."

ಅವನ ತೊಂದರೆಗೆ ಗುಟ್ಟಿನ ಉಪಚಾರ ಬೇಕು. ಅಮ್ಮನ ತೊಂದರೆಗೆ 'ಬಾಯಿಂದ ತಿನ್ನಲಿ'. ಸಿಟ್ಟು ನೆತ್ತಿಗೇರಿತು. ಚಾಕು ವಾಪಸು ಕೊಟ್ಟು ಕಳಿಸಿಬಿಡಬೇಕು ಅನ್ನಿಸಿತು. ಆದರೆ ಆ ಕೈ ನೋಡಿಯೂ ಹಾಗೆ ಮಾಡಿದರೆ ನಾನು ಕಸುಬಿನವಳು ಹೇಗಾದೇನು?

"ಮಾಡ್ತೀನಿ. ಆದ್ರೆ ಒಂದು ಮಾತು ಕೇಳು. ತೆರೆಯೋಕೆ ಅಡ್ಡ ಬರೋದೂ ಮುಚ್ಚುವಾಗ ಅಲಗನ್ನ ಬಡಿದು ಕೂರಿಸೋದೂ ಒಂದೇ ಸ್ಪ್ರಿಂಗು. ಅದನ್ನ ಮೆತ್ತಗೆ ಮಾಡಿದ್ರೆ ಮುಚ್ಚೋ ಸದ್ದು ಹೋಗುತ್ತೆ."

"ಸದ್ದು ಸ್ಪ್ರಿಂಗಿಂದ ಬರಲ್ಲ ಹುಡುಗಿ. ಕೈಯಿಂದ ಬರುತ್ತೆ. ನಲವತ್ತು ವರ್ಷ ಮುಚ್ಚಿರೋನು ನಾನು. ನೀನು ನನಗೆ ಕಲಿಸ್ತೀಯಾ?"

"ಹೋಗುತ್ತೆ ಅಂತ ಹೇಳ್ತಿದ್ದೀನಿ. ಮೇಸ್ತ್ರಿನ ಬೇಕಾದ್ರೆ ಕೇಳು."

ರೂಕೆತ್ ಪಕ್ಕದ ಬೆಂಚಿನಿಂದಲೇ ಅಪ್ಪನಿಗೆ ಅಂದ: "ನಿಜ ಬಾಪ್ತಿಸ್ತ್. ಒಂದೇ ಹಸುವಿಂದ ಹಾಲೂ ಬೇಕು, ಉಳುಮೇನೂ ಬೇಕು ಅಂದ್ರೆ ಆಗಲ್ಲ."

"ನೀವು ನಿಮ್ಮ ಕೆಲಸ ಮಾಡಿ," ಅಂದ ಅಪ್ಪ. "ಸದ್ದಿನ ಚಿಂತೆ ನನಗಿರಲಿ."

ಮೇಸ್ತ್ರಿಯದೂ ಸೇರಿ ಮೂರು ಸಲ ಹೇಳಿದೆವು. ಇದನ್ನು ಬರೆಯುತ್ತಿರುವುದು ಯಾಕೆಂದರೆ ಆಮೇಲೆ ಅವನು ಊರೆಲ್ಲ ಹೇಳಿಕೊಂಡು ಬಂದದ್ದು, ಮಗಳು ಹೇಳದೆ ಕೇಳದೆ ಚಾಕು ಕೆಡಿಸಿದಳು ಅಂತ.

ಹಿಡಿಯನ್ನೂ ಬದಲಾಯಿಸಬೇಕಿತ್ತು. ಮುಷ್ಟಿ ಮುಚ್ಚಲಾಗದ ಕೈಗೆ ತೆಳ್ಳಗಿನ ಹಿಡಿ ಕೊಟ್ಟರೆ ಅದು ಒಳಗೆ ಹೊರಳುತ್ತದೆ, ಇನ್ನಷ್ಟು ಬಿಗಿ ಹಿಡಿಯಬೇಕಾಗುತ್ತದೆ, ಇನ್ನಷ್ಟು ನೋಯುತ್ತದೆ. ಎದುರಿನ ಬೇಕರಿಯಿಂದ ಒಂದು ಮುದ್ದೆ ಹಿಟ್ಟು ತಂದು ಅವನ ಅಂಗೈಗಿಟ್ಟು "ಒತ್ತು" ಅಂದೆ. ನೋವಿಗೆ ತುಟಿ ಕಚ್ಚಿಕೊಂಡು ಒತ್ತಿದ. ಆ ಅಚ್ಚನ್ನು ನೋಡಿಕೊಂಡು ಕೊಂಬಿನ ದಪ್ಪ ತುದಿಯಿಂದ ಹೊಟ್ಟೆ ಉಬ್ಬಿದ ಹಿಡಿ ಅರೆದೆ. ಕಿರುಬೆರಳಿಗೆ ಒಂದು ತಗ್ಗು, ಊದಿದ ಗೆಣ್ಣು ಕೂರಲು ಒಂದು ಇಳಿಜಾರು. ಮೂಲೆಗಳನ್ನೆಲ್ಲ ದುಂಡಗೆ ಮಾಡಿದೆ. ಉಗುರಿನ ಗೀರನ್ನು ಅಗಲ ಮಾಡಿ ತುದಿಯತ್ತ ಸರಿಸಿದೆ, ಅಲ್ಲಿ ಎತ್ತಿದರೆ ಬಲ ಕಡಿಮೆ ಸಾಕು. ಸ್ಪ್ರಿಂಗನ್ನು ತೆಳ್ಳಗೆ ಅರೆದು, ಅಲಗಿನ ಬುಡವನ್ನು ಕನ್ನಡಿಯಾಗುವವರೆಗೆ ಉಜ್ಜಿದೆ. ಕೊನೆಗೆ ಅದನ್ನು ತೆರೆದರೆ ಬೆಣ್ಣೆಯಿಂದ ಎಳೆದಂತೆ ಬಂತು. ಮುಚ್ಚಿದರೆ ಬೆಕ್ಕು ಕಣ್ಣು ಮುಚ್ಚಿದಂತೆ. ನಾನು ಈವರೆಗೆ ಮಾಡಿದ್ದರಲ್ಲಿ ಅದೇ ಒಳ್ಳೆಯ ಚಾಕು. ಯಾರಿಗೆ ಮಾಡಿದೆ ಅನ್ನುವುದೇ ಬೇಸರ.

ಭಾನುವಾರ ಮಧ್ಯಾಹ್ನ ಅಪ್ಪ ಕೊಟ್ಟಿಗೆಗೆ ಹೋಗದೆ ನೇರ ಮೇಜಿಗೆ ಬಂದ. ಎಲ್ಲರೂ ಕೂರುವವರೆಗೆ ಕಾದು, ಮುಚ್ಚಿದ ಚಾಕುವನ್ನು ಜೇಬಿನಿಂದ ತೆಗೆದು, ಉರ್ಬೆನ್‌ನ ಮುಖ ನೋಡುತ್ತಲೇ ತೆರೆದ. ಉರ್ಬೆನ್ ಕಣ್ಣು ತಗ್ಗಿಸಿದ. ಅಪ್ಪ ರೊಟ್ಟಿಗೆ ಶಿಲುಬೆ ಗೀರಿದ್ದು ಅವತ್ತು ಬಿಷಪ್ಪನ ಹಾಗೆ.

ಅಮ್ಮ ಆಲೂಗಡ್ಡೆಗೆ ಹಸಿ ಚೀಸ್ ಸೇರಿಸಿ ಕಡೆದಿದ್ದಳು. ಸೌಟು ಎತ್ತಿದರೆ ಎಳೆ ಎಳೆಯಾಗಿ ಬರುತ್ತಿತ್ತು. ಗಂಡಸರು ಉಂಡರು. ಅಮ್ಮ ಬಡಿಸಿ, ಕೂತು, ಮೊದಲ ತುತ್ತು ಬಾಯಿಗಿಟ್ಟಳು. ಅಪ್ಪ ಚಾಕು ಒರೆಸಿ ಮುಚ್ಚಿದ.

ಏನೂ ಕೇಳಲಿಲ್ಲ.

ಉರ್ಬೆನ್ ಟ್ರ್ಯಾಕ್ಟರಿನ ಕ್ಲಚ್ಚಿನ ಬಗ್ಗೆ ಮಾತಾಡುತ್ತಿದ್ದವನು ಮಾತಾಡುತ್ತಲೇ ಇದ್ದ. ಫಿರ್ಮಿನ್ ಇನ್ನೊಂದು ಸಲ ಬಡಿಸಿಕೊಂಡ. ಅಮ್ಮ ತಟ್ಟೆ ನೋಡುತ್ತ ಅಗಿಯುತ್ತಿದ್ದಳು. ಅಪ್ಪ ಚಾಕು ತೆರೆದು ಮತ್ತೆ ಮುಚ್ಚಿದ, ಈ ಸಲ ಜೋರಾಗಿ, ಭುಜ ಅಲುಗುವಷ್ಟು. ಇಲ್ಲ. ಮೂರನೇ ಸಲ. ನಾನು ರೊಟ್ಟಿ ಮುರಿಯುತ್ತ ನೋಡುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಅವನು ಬಾಯಿಬಿಟ್ಟು ಹೇಳಬೇಕಾಯಿತು:

"ಊಟ ಆಯ್ತು!"

ಬಾಯಲ್ಲಿ ಹೇಳಿದ್ದೇ ಅದು ಬರೀ ಮಾತಾಗಿಹೋಯಿತು. ಫಿರ್ಮಿನ್ ತಲೆ ಎತ್ತಿ, "ಆಗ್ಲಿ ಯಜಮಾನ್ರೇ, ನೀವು ಮುಂದೆ ನಡೀರಿ. ನಂದು ಇನ್ನೊಂಚೂರಿದೆ," ಅಂದ. ಕುಚೋದ್ಯವಲ್ಲ, ಅವನಿಗೆ ನಿಜಕ್ಕೂ ಹಸಿದಿತ್ತು. ಅಪ್ಪ ಒಬ್ಬನೇ ಎದ್ದು ಹೋದ. ಚಾಕು ಮುಚ್ಚಿದ್ದು ತನ್ನ ಕಿವಿಗೆ ಬಿದ್ದಿಲ್ಲವಲ್ಲ ಅನ್ನುವ ಧೈರ್ಯದಲ್ಲಿ ಅಮ್ಮ ತಟ್ಟೆ ಖಾಲಿ ಮಾಡಿದಳು. ನಿಧಾನವಾಗಿ, ಒಂದು ಎಳೆಯನ್ನೂ ಬಿಡದೆ. ವಾಂತಿಯಾಗಲಿಲ್ಲ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಬಾಗಿಲು ಒದ್ದುಕೊಂಡು ಬಂದ ಅಪ್ಪ.

"ನನ್ನ ಚಾಕಿನ ಬೀಜ ಒಡೆದಿದ್ದೀಯ ನೀನು!"

ಬೆಂಚುಗಳಲ್ಲಿ ಅರಗಳು ನಿಂತವು.

"ಹೇಳಿದ್ದೆ ಅಪ್ಪ. ಮೇಸ್ತ್ರಿನೂ ಹೇಳಿದ್ರು."

"ಸದ್ದು ವಾಪಸ್ ಹಾಕು."

"ಹಾಕ್ತೀನಿ. ಹೊಸ ಸ್ಪ್ರಿಂಗ್, ಅರ್ಧ ಗಂಟೆ ಕೆಲಸ. ಆದ್ರೆ ನಾಳೆ ಮಧ್ಯಾಹ್ನ ತೆರೆಯೋರು ಯಾರು? ಉರ್ಬೆನ್‌ಗೆ ಹೇಳ್ಲಾ?"

ಅವನ ಕತ್ತಿನ ನರ ಉಬ್ಬಿತು. "ಅಷ್ಟೆಲ್ಲ ಓದಿದ ಹಾಗೆ ಮಾತಾಡ್ತೀಯ, ತೆರೆಯೋಕೆ ಮೆತ್ತಗೆ, ಮುಚ್ಚೋಕೆ ಗಟ್ಟಿ, ಒಂದು ಮಾಡೋಕೆ ಬರಲ್ವಾ?"

"ಬರಲ್ಲ. ಕಬ್ಬಿಣಕ್ಕೆ ನೀನು ಯಜಮಾನ ಅಂತ ಗೊತ್ತಿಲ್ಲ." ನನಗೂ ತಡೆಯಲಾಗಲಿಲ್ಲ. "ನಿನಗೆ ಆ ಸದ್ದು ಯಾಕೆ ಬೇಕು? ಹೆಂಡತಿ ಕೈಯಿಂದ ಚಮಚ ಕೆಳಗಿಡ್ಸೋಕೆ ತಾನೆ? ಅವಳು ಸಾಯ್ತಿದ್ದಾಳೆ ಅಪ್ಪ. ಡಾಕ್ಟ್ರು ಹೇಳಿದಾಗ ಟೋಪಿ ತೆಗೆದು ತಲೆ ಆಡಿಸಿದ್ಯಲ್ಲ, ಏನಂತ ಆಡಿಸ್ದೆ?"

"ಮನೆ ಮಾತು ಬೀದೀಲಿ ಆಡ್ತೀಯಾ?"

"ಬೀದೀಗೆ ಬಂದು ಬಾಗಿಲು ಒದ್ದಿದ್ದು ಯಾರು?"

ಅಪ್ಪ ಚಾಕು ಎತ್ತಿಕೊಂಡು ಹೋದ. ಸ್ಪ್ರಿಂಗ್ ಬದಲಾಯಿಸಲು ಹೇಳಲಿಲ್ಲ. ಆ ವಾರವಿಡೀ ಊಟ ಯಾವಾಗ ಮುಗಿಯಿತು ಅಂತ ಯಾರಿಗೂ ಗೊತ್ತಾಗಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಅಮ್ಮ ಕೊನೆಯವರೆಗೂ ಕೂತು ತಿಂದಳು. ಮನೆಯಲ್ಲಿ ಏನೂ ಕುಸಿದು ಬೀಳಲಿಲ್ಲ. ಹಸುಗಳು ಹಾಲು ಕೊಟ್ಟವು.

ಇದು ಇಷ್ಟಕ್ಕೇ ನಿಂತಿದ್ದರೆ ನಾನು ಚಾಕು ಮಾಡುವ ಕಸುಬನ್ನು ಹೊಗಳಿ ಸುಮ್ಮನಾಗುತ್ತಿದ್ದೆ. ಶನಿವಾರ ಉರ್ಬೆನ್ ತನ್ನ ಸೂಪು ಮುಗಿಸಿದ. ಅಪ್ಪ ಇನ್ನೂ ಚೀಸ್ ಕೊಯ್ಯುತ್ತಿದ್ದ. ಉರ್ಬೆನ್ ತನ್ನ ಚಾಕು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದು ಮುಚ್ಚಿದ.

ಟಕ್.

ಫಿರ್ಮಿನ್ ಎದ್ದ. ಅಮ್ಮನೂ ಎದ್ದಳು, ಬಾಯಲ್ಲಿ ತುತ್ತಿಟ್ಟುಕೊಂಡೇ. ಯಾರ ಚಾಕು ಅಂತ ಕೂಡ ನೋಡಲಿಲ್ಲ! ಕಾಲಿಗೆ ಅಭ್ಯಾಸವಾಗಿತ್ತು, ಎದ್ದಿತು. ನನ್ನ ಮೈ ಉರಿದುಹೋಯಿತು. ಒಂದು ಜೇಬಿನಿಂದ ಆ ಸದ್ದನ್ನು ಅರದಿಂದ ಅರೆದು ತೆಗೆದರೆ ಇನ್ನೊಂದು ಜೇಬಿನಿಂದ ಹೊರಗೆ ಬಂತು. ಎಷ್ಟು ಚಾಕುಗಳ ಸ್ಪ್ರಿಂಗ್ ಅರೆಯಲಿ ನಾನು?

"ಅಮ್ಮ, ಕೂತ್ಕೋ," ಅಂದೆ. ಅವಳು ತಟ್ಟೆ ಎತ್ತಲು ಬಗ್ಗಿದ್ದಳು.

ಆಗ ಅಪ್ಪ ಹೇಳಿದ: "ಎಲ್ಲಿಗೆ?"

ಯಾರನ್ನು ಕೇಳಿದ ಅಂತ ಗೊತ್ತಾಗಲಿಲ್ಲ.

"ನನ್ನ ಚಾಕು ತೆರೆದಿದೆ," ಅಂದ. ಅದನ್ನು ಮೇಜಿನ ನಡುವೆ ಇಟ್ಟ, ಅಲಗು ಉರ್ಬೆನ್ ಕಡೆಗೆ. "ಈ ಮನೇಲಿ ದೊಡ್ಡವನ ಚಾಕು ತೆರೆದಿರೋವಾಗ ಯಾರಾದ್ರೂ ಎದ್ದಿದ್ದು ನೋಡಿದ್ದೀಯಾ? ಫಿರ್ಮಿನ್, ಕೂರು. ಯುಜೆನಿ, ಕೂತ್ಕೊಂಡು ತಿನ್ನು."

ಉರ್ಬೆನ್ ನಿಂತೇ ಇದ್ದ. "ಕರು ಹಾಕೋ ಹಸು ಇದೆ ಕೊಟ್ಟಿಗೇಲಿ."

"ಅದು ನಿನ್ನ ಅಪ್ಪಣೆ ಕೇಳಿ ಹಾಕಲ್ಲ. ಕೂರು."

ಕೂತ. ಅಮ್ಮ ತಿಂದಳು. ಇಷ್ಟು ಹೊತ್ತು ಒಬ್ಬ ಹೆಂಗಸು ಅಗಿಯುವುದನ್ನು ಆ ಮೇಜು ಯಾವತ್ತೂ ನೋಡಿರಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಆದರೂ ತಿಂದಳು. ಅಪ್ಪ ಒಂದು ಸಲವೂ ಅವಳ ಕಡೆ ನೋಡಲಿಲ್ಲ. ಮಗನನ್ನೇ ನೋಡುತ್ತಿದ್ದ. ಅವಳ ಚಮಚ ತಟ್ಟೆಯಲ್ಲಿ ನಿಂತ ಮೇಲೆ ತನ್ನ ಚಾಕುವನ್ನು ಸದ್ದಿಲ್ಲದೆ ಮುಚ್ಚಿ ಎದ್ದ.

ಅಂದಿನಿಂದ ದಿನಾ ಇದೇ. ಊಟ ಮುಗಿಸುವ ಶಕ್ತಿ ಅಪ್ಪನಿಗೆ ಹೋಯಿತು. ಮುಗಿಯದಂತೆ ತಡೆಯುವ ಶಕ್ತಿ ಉಳಿಯಿತು. ಅದನ್ನು ಹಲ್ಲು ಕಚ್ಚಿ ಹಿಡಿದುಕೊಂಡ. ಎಲ್ಲಿಯವರೆಗೆ ತಡೆಯುವುದು ಅನ್ನುವುದಕ್ಕೆ ಅವನಿಗೊಂದು ನೆಪ ಬೇಕಿತ್ತು. ನೆಪ ಮೇಜಿನ ತುದಿಯಲ್ಲಿ ಕೂತು ನಿಧಾನವಾಗಿ ತಿನ್ನುತ್ತಿತ್ತು. ಊರಿನಲ್ಲಿ ಹೆಂಗಸರು, "ನೋಡು, ಬಾಪ್ತಿಸ್ತ್‌ಗೆ ವಯಸ್ಸಾದ ಮೇಲೆ ಹೆಂಡ್ತಿ ಮೇಲೆ ಎಷ್ಟು ಪ್ರೀತಿ," ಅನ್ನತೊಡಗಿದರು.

"ನಿನಗೋಸ್ಕರ ಅಲ್ಲ ಅವನು ಕಾಯೋದು," ಅಂತ ಅಮ್ಮನಿಗೆ ಹೇಳಿದೆ, ಪಾತ್ರೆ ಒರೆಸುತ್ತ.

"ಗೊತ್ತು ಕಣೆ ನೊಯೆಲಿ. ನಾನೇನು ಕುರುಡಿನಾ?"

"ಮತ್ತೆ ಸಿಟ್ಟು ಬರಲ್ವಾ ನಿನಗೆ?"

"ಸಿಟ್ಟು ಮಾಡ್ಕೊಳ್ಳೋಕೂ ಹೊಟ್ಟೇಲಿ ಏನಾದ್ರೂ ಇರ್ಬೇಕು," ಅಂದಳು. "ಮೊದಲು ಅದಾಗ್ಲಿ."

ಜೂನಿನಲ್ಲಿ ಉರ್ಬೆನ್ ಕಾರ್ಖಾನೆಗೆ ಬಂದ. ಹಸುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದ ಮರುದಿನ. ಬೆಂಚಿನ ಮೇಲೆ ಚಾಕು ಎಸೆದ.

"ಇದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕು. ಕೊಟ್ಟಿಗೆವರೆಗೂ ಕೇಳ್ಬೇಕು ಸದ್ದು."

"ಯಾಕೆ?"

"ಯಾಕಾ? ಊಟಕ್ಕೆ ಒಂದೊಂದು ಗಂಟೆ! ಮುದುಕ ಚಾಕು ತೆರೆದಿಟ್ಕೊಂಡು ಗೂಬೆ ಥರ ಕೂತಿರ್ತಾನೆ, ಅಮ್ಮ ಮೆಲುಕು ಹಾಕ್ತಾ ಇರ್ತಾಳೆ. ಹುಲ್ಲು ಯಾರು ಕೊಯ್ಬೇಕು?"

"ನಿನಗೆ ಕೆಲಸ ಇದ್ರೆ ಎದ್ದು ಹೋಗು. ಕಾಲಿಗೆ ಯಾರೂ ಹಗ್ಗ ಕಟ್ಟಿಲ್ಲ."

ಅವನು ನನ್ನನ್ನು ಪೆದ್ದಿಯ ಹಾಗೆ ನೋಡಿದ. "ನಾನೊಬ್ಬನೇ ಎದ್ದು ಹೋದ್ರೆ ಏನು ಬಂತು?"

ಇಡೀ ಮನೆತನದ ಬುದ್ಧಿ ಆ ಒಂದು ಮಾತಿನಲ್ಲಿತ್ತು. ನಾನು ಅವನ ಚಾಕುವನ್ನು ವಾಪಸು ತಳ್ಳಿದೆ. "ನಾನು ಮಾಡಲ್ಲ."

"ಲಯೋಲಲ್ಲಿ ನೀನೊಬ್ಳೇನಾ ಇರೋದು?"

ಅಲ್ಲ. ಬೀದಿಯ ಕೊನೆಯಲ್ಲಿ ಇನ್ನೊಬ್ಬ ಮಾಡಿಕೊಟ್ಟ. ಒಳ್ಳೆಯ ಕೆಲಸವೇ. ಆ ಚಾಕು ತೆರೆಯಲು ಗೂಳಿಯ ಬಲ ಬೇಕು.

ಭಾನುವಾರ ಎಲೆಕೋಸಿನ ಸೂಪು, ಒಣಮಾಂಸ, ಕೊನೆಗೆ ಚೀಸ್. ಅಪ್ಪನಿಗೆ ಜ್ವರ, ಒಳಕೋಣೆಯಲ್ಲಿ ಮಲಗಿದ್ದ. ಮೇಜಿನ ತಲೆಯ ಕುರ್ಚಿ ಖಾಲಿ. ಉರ್ಬೆನ್ ಅದರಲ್ಲಿ ಕೂರಲಿಲ್ಲ, ಪಕ್ಕಕ್ಕೆ ಒತ್ತಿಕೊಂಡು ಕೂತ. ಬೇಗ ಬೇಗ ಉಂಡ. ಅಮ್ಮ ಸೂಪು ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದಳು:

"ಉರ್ಬೆನ್, ಆ ಚೀಸ್ ಇತ್ತ ಸರಿಸು."

ಅವನು ಚಾಕು ಎತ್ತಿ ಮುಚ್ಚಿದ. ಬಂದೂಕು ಹಾರಿಸಿದ ಹಾಗಾಯಿತು. ಹೊರಗೆ ನಾಯಿ ಬೊಗಳಿತು. ಫಿರ್ಮಿನ್ ಅರ್ಧ ಎದ್ದು, ಅಮ್ಮನನ್ನು ನೋಡಿ, ಬೆಂಚಿನ ಮೇಲೆ ಹಾಗೇ ತೂಗಾಡಿದ. ಒಳಕೋಣೆಯಿಂದ ಅಪ್ಪ ಕೆಮ್ಮಿದ, ಅಷ್ಟೇ.

ಅಮ್ಮನ ಮೊಣಕಾಲು ಮೇಜಿನ ಕೆಳಗೆ ಏಳಲು ಹೊರಟಿದ್ದು ನನಗೆ ಗೊತ್ತಾಯಿತು. ಪಕ್ಕದಲ್ಲೇ ಕೂತಿದ್ದೆ. ಎರಡೂ ಕೈಗಳಿಂದ ತೊಡೆಯನ್ನು ಒತ್ತಿ ಹಿಡಿದುಕೊಂಡಿದ್ದಳು.

"ನಾನು ಕೇಳಿದ್ದು ಚೀಸ್," ಅಂದಳು.